ಬದಲಾದ ಕಾರ್ಮಿಕ ಕಾನೂನುಗಳು: ಮಾಲೀಕರು ತಿಳಿದಿರಬೇಕಾದ ಅಂಶಗಳು

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಅಂಗಡಿ, ಹೋಟೆಲ್, ಅಕ್ಕಿ ಗಿರಣಿ, ಕಾರ್ಖಾನೆ ಹಾಗೂ ಇತರೆ ಸಂಸ್ಥೆಗಳ ಮಾಲೀಕರ ಗಮನಕ್ಕೆ)

1. ಪೀಠಿಕೆ

ಕೇಂದ್ರದ 29 ಕಾರ್ಮಿಕ ಕಾನೂನುಗಳನ್ನು ಕ್ರೋಡೀಕರಿಸಿ ರಚಿಸಲಾದ ನಾಲ್ಕು ಸಂಹಿತೆಗಳು ದಿನಾಂಕ 21-11-2025ರಿಂದ ಜಾರಿಗೆ ಬಂದಿವೆ. ಅವು ಯಾವುವೆಂದರೆ:

ಅ) ವೇತನ ಸಂಹಿತೆ, 2019
ಆ) ಕೈಗಾರಿಕಾ ಸಂಬಂಧಗಳ ಸಂಹಿತೆ, 2020
ಇ) ಸಾಮಾಜಿಕ ಭದ್ರತಾ ಸಂಹಿತೆ, 2020
ಈ) ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020

ಹಳೆಯ ಅಧಿನಿಯಮಗಳು ನಿರಸನಗೊಂಡಿರುವುದರಿಂದ ತಮ್ಮ ಹೊಣೆಯೂ ಮುಗಿಯಿತೆಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ಸಂಹಿತೆಗಳಿಗೆ ವಿರುದ್ಧವಾಗಿಲ್ಲದ ಮಟ್ಟಿಗೆ ಹಳೆಯ ನಿಯಮಗಳು ಮತ್ತು ಅಧಿಸೂಚನೆಗಳು, ಅವುಗಳ ಸ್ಥಾನದಲ್ಲಿ ಹೊಸವು ಬರುವವರೆಗೆ, ಮುಂದುವರಿಯುತ್ತವೆ.

2. ಮೊದಲು ಕೆಲಸಗಾರರ ಸಂಖ್ಯೆ

ಯಾವ ಸಂಸ್ಥೆಗೆ ಯಾವ ಉಪಬಂಧ ಅನ್ವಯಿಸುತ್ತದೆ ಎಂಬುದನ್ನು ಬಹುಪಾಲು ಕೆಲಸಗಾರರ ಸಂಖ್ಯೆಯೇ ನಿರ್ಧರಿಸುತ್ತದೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯಕ್ಕೆ ಬರುವ ಪ್ರವಾಸಿಗರನ್ನು ನಂಬಿ ಎಂಟು ಜನರಿಂದ ಉಪಾಹಾರ ಗೃಹ ನಡೆಸುವವರು ಇನ್ನಿಬ್ಬರನ್ನು ಸೇರಿಸಿಕೊಂಡ ದಿನವೇ ಅವರ ಕರ್ತವ್ಯಗಳು ಹೆಚ್ಚುತ್ತವೆ. ಆದ್ದರಿಂದ ತಾತ್ಕಾಲಿಕ ಮತ್ತು ದಿನಗೂಲಿ ಕೆಲಸಗಾರರೂ ಸೇರಿದಂತೆ ಎಲ್ಲರ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು. ಗುತ್ತಿಗೆದಾರರ ಮೂಲಕ ಬಂದವರನ್ನು ಪ್ರತ್ಯೇಕವಾಗಿ ತೋರಿಸುವುದು.

ಮುಖ್ಯ ಮಿತಿಗಳು ಈ ಕೆಳಕಂಡಂತಿವೆ:

- ಒಬ್ಬರಿದ್ದರೂ: ಕನಿಷ್ಠ ವೇತನ, ಸಕಾಲದಲ್ಲಿ ವೇತನ ಪಾವತಿ.
- 10 ಅಥವಾ ಹೆಚ್ಚು: ಇ.ಎಸ್.ಐ., ಉಪದಾನ (ಗ್ರಾಚ್ಯುಟಿ), ಲಿಖಿತ ನೇಮಕಾತಿ ಪತ್ರ ಹಾಗೂ ಲೈಂಗಿಕ ಕಿರುಕುಳ ತಡೆ ಅಧಿನಿಯಮ, 2013ರ ಮೇರೆಗೆ ಆಂತರಿಕ ಸಮಿತಿ.
- 20 ಅಥವಾ ಹೆಚ್ಚು: ಭವಿಷ್ಯ ನಿಧಿ, ಬೋನಸ್ (ಕನಿಷ್ಠ ಶೇ. 8.33, ಗರಿಷ್ಠ ಶೇ. 20), ಕುಂದುಕೊರತೆ ನಿವಾರಣಾ ಸಮಿತಿ. ವಿದ್ಯುತ್ ಬಳಸುವ ಉತ್ಪಾದನಾ ಘಟಕವು ಈ ಸಂಖ್ಯೆಯಿಂದ ಕಾರ್ಖಾನೆ ಎನಿಸುತ್ತದೆ. ವಿದ್ಯುತ್ ಬಳಸದಿದ್ದಲ್ಲಿ ಮಿತಿ 40.
- 50 ಅಥವಾ ಹೆಚ್ಚು: ಶಿಶುಪಾಲನಾ ಕೇಂದ್ರ, ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ಉಪಬಂಧಗಳು.
- 300 ಅಥವಾ ಹೆಚ್ಚು: ಸ್ಥಾಯಿ ಆದೇಶಗಳು.

ಸಾಮಾಜಿಕ ಭದ್ರತೆಯ ಉಪಬಂಧವು ಒಮ್ಮೆ ಅನ್ವಯವಾದ ಮೇಲೆ, ಕೆಲಸಗಾರರ ಸಂಖ್ಯೆ ಮುಂದೆ ಕಡಿಮೆಯಾದರೂ ಅದು ಮುಂದುವರಿಯುತ್ತದೆ.

3. ವೇತನದ ಹೊಸ ವ್ಯಾಖ್ಯೆ

ಮೂಲ ವೇತನ, ತುಟ್ಟಿಭತ್ಯೆ ಹಾಗೂ ಉಳಿಕೆ ಭತ್ಯೆ ಸೇರಿ 'ವೇತನ' ಎನಿಸುತ್ತದೆ. ಮನೆ ಬಾಡಿಗೆ ಮುಂತಾದ ಹೊರತುಪಡಿಸಿದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಮೊತ್ತವನ್ನು ವೇತನಕ್ಕೆ ಸೇರಿಸತಕ್ಕದ್ದು.

ಉದಾಹರಣೆ: ಒಬ್ಬ ನೌಕರರ ಮಾಸಿಕ ಸಂಭಾವನೆ ರೂ. 18,000. ಇದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ರೂ. 7,000, ಇತರೆ ಭತ್ಯೆಗಳು ರೂ. 11,000. ಅರ್ಧ ಮಿತಿ ರೂ. 9,000 ಆಗಿರುವುದರಿಂದ ಹೆಚ್ಚುವರಿ ರೂ. 2,000 ವೇತನಕ್ಕೆ ಸೇರಿ, ವೇತನವು ರೂ. 9,000 ಆಗುತ್ತದೆ. ಒಂದು ವರ್ಷದ ಸೇವೆಗೆ ಉಪದಾನ (9,000 × 15 ÷ 26) ರೂ. 5,192. ಕೇವಲ ರೂ. 7,000ರ ಮೇಲೆ ಲೆಕ್ಕ ಹಾಕಿದಲ್ಲಿ ಬರುತ್ತಿದ್ದುದು ರೂ. 4,038. ಹಳೆಯ ಲೆಕ್ಕವನ್ನೇ ಮುಂದುವರಿಸಿದರೆ ನೌಕರರಿಗೆ ವರ್ಷವೊಂದಕ್ಕೆ ರೂ. 1,154 ನಷ್ಟವಾಗಿ, ಅಷ್ಟೂ ಬಾಕಿ ಮಾಲೀಕರ ಮೇಲೆ ಉಳಿಯುತ್ತದೆ.

ಉಪದಾನಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ಸೇವೆ ಅಗತ್ಯ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆ ಸಾಕು.

4. ವೇತನ ಪಾವತಿಯ ಕಾಲಮಿತಿ

- ಮಾಸಿಕ ವೇತನ: ಮುಂದಿನ ತಿಂಗಳ 7ನೇ ದಿನ ಮುಗಿಯುವುದರೊಳಗೆ.
- ವಾರದ ವೇತನ: ಆ ವಾರದ ಕೊನೆಯ ಕೆಲಸದ ದಿನ.
- ದಿನಗೂಲಿ: ಅಂದಿನ ಪಾಳಿ ಮುಗಿದಾಗ.
- ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆಯಲ್ಪಟ್ಟವರಿಗೆ: ಎರಡು ಕೆಲಸದ ದಿನಗಳೊಳಗೆ.

ಹೆಚ್ಚುವರಿ ಅವಧಿಯ ಕೆಲಸಕ್ಕೆ ಎರಡು ಪಟ್ಟು ದರದಲ್ಲಿ ಪಾವತಿಸತಕ್ಕದ್ದು. ಒಂದು ವೇತನಾವಧಿಯ ಒಟ್ಟು ಕಡಿತವು ವೇತನದ ಶೇ. 50ನ್ನು ಮೀರಕೂಡದು. ಗುತ್ತಿಗೆದಾರರು ವೇತನ ನೀಡದಿದ್ದಲ್ಲಿ ಅದನ್ನು ಪಾವತಿಸುವ ಹೊಣೆ ಮೂಲ ಮಾಲೀಕರದು.

5. ಮುಂದುವರಿದಿರುವ ಹಾಗೂ ರಾಜ್ಯದ ಕಾನೂನುಗಳು

ಅ) ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಈ ಸಂಹಿತೆಗಳಲ್ಲಿ ವಿಲೀನವಾಗಿಲ್ಲ. ಅದು ಅನ್ವಯವಾಗುವ ಪ್ರದೇಶಗಳಲ್ಲಿ ವ್ಯವಹಾರ ಆರಂಭಿಸಿದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಗ್ರಾಮಗಳಲ್ಲಿನ ಮಾಲೀಕರು ತಮ್ಮ ಪ್ರದೇಶಕ್ಕೆ ಅದು ಅನ್ವಯಿಸುವುದೇ ಎಂಬುದನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಂದ ತಿಳಿದುಕೊಳ್ಳುವುದು.

ಆ) ಬಾಲ ಮತ್ತು ಕಿಶೋರ ಕಾರ್ಮಿಕ ಅಧಿನಿಯಮ, 1986 ಯಥಾಸ್ಥಿತಿಯಲ್ಲಿದೆ. 14 ವರ್ಷದೊಳಗಿನವರನ್ನು ನೇಮಿಸಿಕೊಂಡಲ್ಲಿ ಆರು ತಿಂಗಳಿಂದ ಎರಡು ವರ್ಷಗಳವರೆಗೆ ಕಾರಾಗೃಹ ವಾಸ, ಅಥವಾ ರೂ. 20,000ದಿಂದ ರೂ. 50,000ದವರೆಗೆ ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಇ) ಮಹಿಳಾ ನೌಕರರಿಗೆ ತಿಂಗಳಿಗೊಂದು ದಿನ ವೇತನಸಹಿತ ಋತುಚಕ್ರ ರಜೆ ನೀಡುವಂತೆ ರಾಜ್ಯ ಸರ್ಕಾರವು 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಆದೇಶವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾದುದರಿಂದ ಇತ್ತೀಚಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳುವುದು.

6. ದಾಖಲೆಗಳ ಮಹತ್ವ

ವೇತನ ಬಾಕಿಯ ಬಗ್ಗೆ ನೌಕರರು ಮೂರು ವರ್ಷಗಳೊಳಗೆ ಕ್ಲೇಮು ಸಲ್ಲಿಸಬಹುದು. ಹಣ ಪಾವತಿಸಿರುವುದನ್ನು ರುಜುವಾತುಪಡಿಸುವ ಹೊಣೆ ಮಾಲೀಕರ ಮೇಲಿರುತ್ತದೆ. ವೇತನ ಕೊಟ್ಟಿದ್ದೂ ದಾಖಲೆ ಇಲ್ಲದ ಮಾಲೀಕರು ಮತ್ತೊಮ್ಮೆ ಕೊಡಬೇಕಾದ ಪ್ರಸಂಗ ಬರಬಹುದು. ಬಾಕಿಗಿಂತ ಕಡಿಮೆ ಪಾವತಿಸಿದಲ್ಲಿ ರೂ. 50,000ದವರೆಗೆ ದಂಡವಿದೆ. ಆದುದರಿಂದ ಈ ಕೆಳಗಿನವುಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು:

- ನೌಕರರ ಪಟ್ಟಿ ಮತ್ತು ನೇಮಕಾತಿ ಪತ್ರದ ಪ್ರತಿ
- ಹಾಜರಾತಿ ಮತ್ತು ವೇತನ ವಹಿ
- ವೇತನ ಚೀಟಿ, ಬ್ಯಾಂಕ್ ಪಾವತಿಯ ವಿವರ
- ಇ.ಎಸ್.ಐ. ಮತ್ತು ಭವಿಷ್ಯ ನಿಧಿಯ ಚಲನ್‌ಗಳು

7. ಸೂಚನೆ

ಕನಿಷ್ಠ ವೇತನದ ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. ತುಟ್ಟಿಭತ್ಯೆಯ ಬದಲಾವಣೆಯನ್ನು ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ಪರಿಶೀಲಿಸುವುದು. ಸಂದೇಹವಿದ್ದಲ್ಲಿ ತಾಲ್ಲೂಕು ಕಾರ್ಮಿಕ ನಿರೀಕ್ಷಕರ ಕಛೇರಿ ಅಥವಾ ಹಾಸನದ ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ನೌಕರರ ಪಟ್ಟಿಯನ್ನು ತಂದಲ್ಲಿ ಮಾಹಿತಿ ನೀಡಲು ಅನುಕೂಲವಾಗುತ್ತದೆ.

ಈ ಪುಟವು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಅರ್ಥೈಸುವಿಕೆಯಲ್ಲಿ ವ್ಯತ್ಯಾಸ ಉಂಟಾದಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಪಾಠವೇ ಅಂತಿಮ.