ಜಾಂಬಿ: ಇಬ್ಬರು ಬಾಲಕರ ಸಾವಿನಿಂದ ಹುಟ್ಟಿದ ರಾಕ್ ಹಾಡು

'ಜಾಂಬಿ' ಐರ್ಲೆಂಡಿನ ರಾಕ್ ತಂಡ 'ದಿ ಕ್ರ್ಯಾನ್‌ಬೆರೀಸ್' 1994ರಲ್ಲಿ ಹೊರತಂದ ಹಾಡು. ಜಾಂಬಿ ಎಂದರೆ ನಡೆದಾಡುವ ಹೆಣ. ಹಾಡನ್ನು ಬರೆದು ಹಾಡಿದವರು ತಂಡದ ಗಾಯಕಿ ಡೊಲೊರೆಸ್ ಓ'ರಿಯೊರ್ಡನ್. ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ನಡೆದ ಬಾಂಬ್ ಸ್ಫೋಟವೇ ಇದಕ್ಕೆ ಪ್ರೇರಣೆ.

ಹಿನ್ನೆಲೆ

ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಉಳಿಯಬೇಕೆ, ಐರ್ಲೆಂಡಿಗೆ ಸೇರಬೇಕೆ ಎಂಬ ಜಗಳದಲ್ಲಿ 1960ರ ದಶಕದ ಕೊನೆಯಿಂದ ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐ.ಆರ್.ಎ. ಇಂಗ್ಲೆಂಡಿನ ಊರುಗಳಲ್ಲೂ ಬಾಂಬ್ ಇಡುತ್ತಿತ್ತು.

1993ರ ಮಾರ್ಚ್ 20, ಶನಿವಾರ. ಮರುದಿನ ಅಲ್ಲಿ ತಾಯಂದಿರ ದಿನ. ವಾರಿಂಗ್ಟನ್ನಿನ ಬ್ರಿಡ್ಜ್ ಸ್ಟ್ರೀಟ್‌ನಲ್ಲಿ ಪೇಟೆಗೆ ಬಂದವರ ಗದ್ದಲ. ಕಸದ ತೊಟ್ಟಿಗಳಲ್ಲಿಟ್ಟಿದ್ದ ಎರಡು ಬಾಂಬುಗಳು ಒಂದರ ಹಿಂದೊಂದು ಸಿಡಿದವು. ಮೊದಲ ಸದ್ದಿಗೆ ಹೆದರಿ ಓಡಿದವರು ಎರಡನೆಯದಕ್ಕೆ ಸಿಕ್ಕರು. 3 ವರ್ಷದ ಬಾಲಕ ಸ್ಥಳದಲ್ಲೇ ಸತ್ತ. 12 ವರ್ಷದ ಇನ್ನೊಬ್ಬ ಐದು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. 50ಕ್ಕೂ ಹೆಚ್ಚು ಜನ ಗಾಯಗೊಂಡರು. ಈ ಕೃತ್ಯಕ್ಕಾಗಿ ಯಾರಿಗೂ ಶಿಕ್ಷೆಯಾಗಿಲ್ಲ.

ಹಾಡು

ಆ ದಿನಗಳಲ್ಲಿ ಕ್ರ್ಯಾನ್‌ಬೆರೀಸ್ ಇಂಗ್ಲೆಂಡಿನ ಪ್ರವಾಸದಲ್ಲಿತ್ತು. ಓ'ರಿಯೊರ್ಡನ್ ಐರ್ಲೆಂಡಿನ ಲಿಮರಿಕ್ ಕಡೆಯವರು. ಐರಿಷ್ ಜನರ ಹೆಸರು ಹೇಳಿಕೊಂಡು ಮಕ್ಕಳನ್ನು ಕೊಂದದ್ದು ಅವರನ್ನು ಕೆರಳಿಸಿತು. ಮಗುವನ್ನು ಕಳೆದುಕೊಂಡ ತಾಯಿಯ ನೋವು ಹಾಡಿನ ಕೇಂದ್ರ. ಡಬ್ಲಿನ್ ದಂಗೆಯಾದ 1916ರಿಂದ ಜನರ ತಲೆಯೊಳಗೆ ಅದೇ ಯುದ್ಧ ನಡೆಯುತ್ತಲೇ ಇದೆ ಎಂಬುದು ಅದರ ಅಳಲು. ತಂಡದ ಮೊದಲ ಹಾಡುಗಳು ಮೆಲುದನಿಯವು. ಇದರಲ್ಲಿ ಗಿಟಾರಿನ ಅಬ್ಬರವಿದೆ, ಗಾಯಕಿಯ ದನಿ ಚೀರಾಟಕ್ಕೆ ಏರುತ್ತದೆ. 'ನೋ ನೀಡ್ ಟು ಆರ್ಗ್ಯೂ' ಆಲ್ಬಮ್ಮಿನಲ್ಲಿರುವ ಈ ಹಾಡಿನ ನಿರ್ಮಾಪಕ ಸ್ಟೀಫನ್ ಸ್ಟ್ರೀಟ್.

ವಿಡಿಯೊ ಮತ್ತು ವಿವಾದ

ವಿಡಿಯೊ ನಿರ್ದೇಶಕ ಸ್ಯಾಮ್ಯುಯೆಲ್ ಬೇಯರ್. ಬೆಲ್‌ಫಾಸ್ಟ್ ಬೀದಿಗಳಲ್ಲಿ ಬಂದೂಕು ಹಿಡಿದ ಸೈನಿಕರು ಮತ್ತು ಆಟವಾಡುವ ಮಕ್ಕಳ ದೃಶ್ಯಗಳು ಅದರಲ್ಲಿವೆ. ಬಿಬಿಸಿ ಮೂಲ ವಿಡಿಯೊವನ್ನು ಪ್ರಸಾರ ಮಾಡಲಿಲ್ಲ. ಹಾಡು ಒಂದು ಪಕ್ಷ ಹಿಡಿದಿದೆ ಎಂಬ ಟೀಕೆಯೂ ಬಂತು. ತಾನು ಯಾರ ಪಕ್ಷವನ್ನೂ ವಹಿಸಿಲ್ಲ, ಸತ್ತ ಮಗುವಿಗಾಗಿ ಬರೆದೆ ಎಂಬುದು ಓ'ರಿಯೊರ್ಡನ್ ನಿಲುವಾಗಿತ್ತು. ಆದರೂ ಜರ್ಮನಿ, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು. 1995ರಲ್ಲಿ ಎಂಟಿವಿ ಯುರೋಪ್‌ನ ಅತ್ಯುತ್ತಮ ಹಾಡು ಪ್ರಶಸ್ತಿ ಪಡೆಯಿತು.

ನಂತರ

ಹಾಡು ಹೊರಬರುವ ಕೆಲವೇ ವಾರ ಮೊದಲು, 1994ರ ಆಗಸ್ಟ್ 31ರಂದು, ಐ.ಆರ್.ಎ. ಕದನ ವಿರಾಮ ಘೋಷಿಸಿತ್ತು. ಅದು 1996ರಲ್ಲಿ ಮುರಿದು 1997ರಲ್ಲಿ ಮತ್ತೆ ಜಾರಿಯಾಯಿತು. 1998ರಲ್ಲಿ ಶುಭ ಶುಕ್ರವಾರದ ಒಪ್ಪಂದವಾಯಿತು. ಸತ್ತ ಬಾಲಕರ ನೆನಪಿನಲ್ಲಿ ವಾರಿಂಗ್ಟನ್ನಿನಲ್ಲಿ 2000ರಲ್ಲಿ ಶಾಂತಿ ಕೇಂದ್ರ ತೆರೆಯಿತು.

ಅಮೆರಿಕದ 'ಬ್ಯಾಡ್ ವುಲ್ವ್ಸ್' ತಂಡ ಈ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿತ್ತು. ಅದಕ್ಕೆ ದನಿ ಸೇರಿಸಬೇಕಿದ್ದ ಓ'ರಿಯೊರ್ಡನ್ 2018ರ ಜನವರಿ 15ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 46 ವರ್ಷ. ಆ ಹಾಡಿನ ಗಳಿಕೆಯಿಂದ 2,50,000 ಡಾಲರ್‌ಗಳನ್ನು ತಂಡ ಅವರ ಮಕ್ಕಳಿಗೆ ನೀಡಿತು.