ಮಂದೆಯೂ ಮಂದಿಯೂ

ಪ್ರಾಣಿಗಳ ಹಾಗೂ ಜನರ ಗುಂಪುಗಳಿಗೆ ಕನ್ನಡದಲ್ಲಿರುವ ಹೆಸರುಗಳನ್ನು ಶಾಲಾ ವ್ಯಾಕರಣಗಳು ಪಟ್ಟಿಮಾಡಿ ಸುಮ್ಮನಾಗುತ್ತವೆ: ಆನೆಗೆ ಹಿಂಡು, ಕುರಿಗೆ ಮಂದೆ, ಸೈನಿಕರಿಗೆ ದಂಡು. ಇಂಗ್ಲಿಷಿನಲ್ಲಿ ಇಂತಹ ಪಟ್ಟಿಗೆ ಚರಿತ್ರೆಯುಂಟು. ೧೪೮೬ರಲ್ಲಿ ಅಚ್ಚಾದ ಸೇಂಟ್ ಆಲ್ಬನ್ಸಿನ ಪುಸ್ತಕದಲ್ಲಿ ಮೃಗಕ್ಕೊಂದರಂತೆ ಹೆಸರು ಕಲಿಯುವುದು ಕುಲೀನ ಬೇಟೆಗಾರರ ವಿದ್ಯೆಯ ಅಂಗವಾಗಿತ್ತು. ನಮ್ಮ ಅಮರಸಿಂಹನಾದರೋ ಪಶುಗಳ ಗುಂಪನ್ನು 'ಸಮಜ'ವೆಂದೂ ಇತರರ ಗುಂಪನ್ನು 'ಸಮಾಜ'ವೆಂದೂ ವಿಂಗಡಿಸಿದನು. ಪಶುವಿನಿಂದ ಮನುಷ್ಯನನ್ನು ಬೇರ್ಪಡಿಸಲು ಅವನಿಗೆ ಒಂದು ದೀರ್ಘಸ್ವರ ಸಾಕಾಯಿತು!

ದೇಶ್ಯಪದಗಳ ದಾರಿಯೇ ಬೇರೆ. 'ಮಂದೆ'ಯೆಂದರೆ ದನಕುರಿಗಳ ಗುಂಪೂ ಹೌದು, ಅವು ತಂಗುವ ಎಡೆಯೂ ಹೌದು. ಕಂಪಲಾಪುರದಿಂದ ಪಿರಿಯಾಪಟ್ಟಣವನ್ನು ಹಾದು ಕೊಡಗನ್ನು ಹೊಕ್ಕರೆ, 'ಮಂದ್' ಎಂಬುದು ಪುತ್ತರಿಯ ಕೋಲಾಟಕ್ಕೆ ಊರವರು ನೆರೆಯುವ ಬಯಲು. ನೀಲಗಿರಿಯಲ್ಲಿ ಎಮ್ಮೆಗಳನ್ನು ಸಾಕುವ ತೋಡರ ಊರನ್ನು ನೆರೆಯವರು 'ಮಂದು' ಎನ್ನುವರು. ತಮಿಳಿನ 'ಮನ್ಱು' ಎಂಬುದಕ್ಕೆ ಸಭೆ, ತುರುವಿನ ಕೊಟ್ಟಿಗೆ, ತುರುವಿನ ಹಿಂಡು ಎಂಬ ಮೂರೂ ಅರ್ಥಗಳಿವೆ. ಅಲ್ಲಿಯ 'ಒನ್ಱು' ಇಲ್ಲಿ 'ಒಂದು' ಆಗಿರುವುದರಿಂದ ಧ್ವನಿಯ ಅಡ್ಡಿಯೂ ಇಲ್ಲ. 'ಮಂದಿ'ಯನ್ನೂ ಇದೇ ಬಳಗಕ್ಕೆ ಸೇರಿಸಬಹುದೆಂದು ನನ್ನ ಅಭಿಪ್ರಾಯ. ಧ್ವನಿಸಾಮ್ಯವೊಂದನ್ನೇ ನಂಬಿ ನಂಟು ಕಟ್ಟುವುದು ಅಪಾಯಕರವೇ ಸರಿ. ಆದರೆ ಇಲ್ಲಿ ಅರ್ಥವೂ ಸಾಕ್ಷಿ ನುಡಿಯುತ್ತಿದೆ. 'ಹಟ್ಟಿ' ದನದ ಕೊಟ್ಟಿಗೆ, ಕಾಡುಗೊಲ್ಲರಿಗೆ ಅದೇ ಊರು. 'ದೊಡ್ಡಿ' ದನ ಕೂಡುವ ತಾಣ, ಮಂಡ್ಯ ರಾಮನಗರಗಳ ಕಡೆ ಎಷ್ಟೋ ಹಳ್ಳಿಗಳ ಹೆಸರಿನ ಕೊನೆ.

ಆದುದರಿಂದ ಈ ಪದಗಳು ಗುಂಪನ್ನು ಎಣಿಸಿ ಹುಟ್ಟಿದುವಲ್ಲ. ದನವೂ ದನಗಾಹಿಯೂ ಒಟ್ಟಿಗೆ ಇರುಳು ಕಳೆದ ನೆಲದಿಂದ ಹುಟ್ಟಿದುವು. ಜನರನ್ನು ಮಂದೆಯೆಂದು ಕರೆದರೆ ಇಂದು ಹೀಯಾಳಿಸಿದಂತಾಗುತ್ತದೆ. ಪದದ ಚರಿತ್ರೆಯಲ್ಲಿ ಆ ತಿರಸ್ಕಾರಕ್ಕೆ ಆಧಾರ ಕಾಣದು. ಅದು ಮಂದೆಯೊಡನೆ ಮಲಗುವುದನ್ನು ಬಿಟ್ಟವರು ಆಮೇಲೆ ತಂದು ಸೇರಿಸಿದ ಅರ್ಥ.

ತಾಣದ ಹೆಸರು ಹಿಂಡಿನ ಹೆಸರಾದುದಕ್ಕೆ ಕಾಲ ಗೊತ್ತಿರುವ ನಿದರ್ಶನವೊಂದು ಹುಣಸೂರಿನಲ್ಲೇ ಇದೆ. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅರಮನೆಯ ಹಸುಗಳಿಗಾಗಿ ಏರ್ಪಡಿಸಿದ ಇಲಾಖೆಗೆ 'ಬೆಣ್ಣೆ ಚಾವಡಿ'ಯೆಂದು ಹೆಸರು. ಟಿಪ್ಪು ಸುಲ್ತಾನನು ಅದನ್ನು 'ಅಮೃತ ಮಹಲ್' ಎಂದು ಬದಲಿಸಿದನು. ಚಾವಡಿಯೂ ಮಹಲೂ ಕಟ್ಟಡಗಳು. ಹಾಗಿದ್ದರೂ ಕಾವಲುಗಳಲ್ಲಿ ಮೇಯುತ್ತಿದ್ದ ದನಗಳೇ ಕ್ರಮೇಣ 'ಅಮೃತ ಮಹಲ್' ಎನಿಸಿಕೊಂಡುವು. ಹುಣಸೂರು ಬಹುಕಾಲ ಈ ಇಲಾಖೆಯ ಕೇಂದ್ರವಾಗಿತ್ತು. ೧೮೬೦ರಲ್ಲಿ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ೧೮೬೬ರಲ್ಲಿ ಅದನ್ನು ಮತ್ತೆ ಸ್ಥಾಪಿಸಿದರು. ಮಹಲಿನ ಹೆಸರು ಅಷ್ಟರಲ್ಲಿ ತಳಿಯ ಹೆಸರಾಗಿ ನಿಂತಿತ್ತು.