ಹೊಳೆ ಗಡಿಯಾದದ್ದು ಹೇಗೆ? ಅಸಮಾನ ಒಪ್ಪಂದಗಳು ಮತ್ತು ನಮ್ಮ ಸೀಮೆ



ಚಿತ್ತವಾಡ್ಗಿಯವರಿಗೆ ಮುನಿರಾಬಾದ್ ಪರಸ್ಥಳವೇನಲ್ಲ. ತುಂಗಭದ್ರೆಯನ್ನು ದಾಟಿದರೆ ಬಂದೇ ಬಿಟ್ಟಿತು. ಎರಡೂ ದಂಡೆಗಳಲ್ಲಿ ಆಡುವ ಮಾತು ಒಂದೇ, ತಿನ್ನುವ ರೊಟ್ಟಿ ಒಂದೇ. ಆದರೂ 1800ರಿಂದ ಸುಮಾರು ಒಂದೂವರೆ ಶತಮಾನ ಈಚೆಯ ಹೊಸಪೇಟೆ, ಕಂಪ್ಲಿಗಳು ಇಂಗ್ಲಿಷರ ಮದ್ರಾಸ್ ಪ್ರಾಂತ್ಯಕ್ಕೂ ಆಚೆಯ ಕೊಪ್ಪಳ ಸೀಮೆ ಹೈದರಾಬಾದಿನ ನಿಜಾಮ ರಾಜ್ಯಕ್ಕೂ ಸೇರಿದ್ದವು. ಹೊಳೆಯ ಮೇಲೆ ಈ ಗಡಿಯನ್ನು ಎಳೆದದ್ದು ಯಾವುದೇ ಕಾಳಗವಲ್ಲ, ಒಂದು ಕರಾರುಪತ್ರ. ಅದು ಎಂತಹ ಪತ್ರ ಎಂಬುದನ್ನು ತಿಳಿಯಲು ಮೊದಲು ಚೀನಾ ದೇಶದ ಕಡೆಗೆ ಸ್ವಲ್ಪ ನೋಡೋಣ.

ಚೀನಾದ ಉದಾಹರಣೆ

ಇತಿಹಾಸದಲ್ಲಿ 'ಅಸಮಾನ ಒಪ್ಪಂದಗಳು' ಎಂಬ ಮಾತು ಪ್ರಸಿದ್ಧವಾದದ್ದು ಚೀನಾದಿಂದ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ತಯಾರಿಸಿ ಹರಾಜು ಹಾಕುತ್ತಿದ್ದ ಅಫೀಮನ್ನು ವ್ಯಾಪಾರಿಗಳು ಕಳ್ಳಮಾರ್ಗದಿಂದ ಚೀನಾಕ್ಕೆ ಸಾಗಿಸುತ್ತಿದ್ದರು. 1839ರಲ್ಲಿ ಚೀನೀ ಅಧಿಕಾರಿ ಲಿನ್ ಝೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶ ಮಾಡಿಸಿದನು. ಇದೇ ನೆಪವಾಗಿ ಬ್ರಿಟನ್ ಯುದ್ಧ ಹೂಡಿತು. ಸೋತ ಚೀನಾ 1842ರ ಆಗಸ್ಟ್ 29ರಂದು ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿತು. ಅದರಂತೆ ಹಾಂಗ್‌ಕಾಂಗ್ ದ್ವೀಪ ಬ್ರಿಟನ್ನಿನ ಪಾಲಾಯಿತು. ಐದು ಬಂದರುಗಳು ಇಂಗ್ಲಿಷ್ ವ್ಯಾಪಾರಕ್ಕೆ ತೆರೆದವು. ಚೀನಾ 2 ಕೋಟಿ 10 ಲಕ್ಷ ಡಾಲರ್ ದಂಡ ತೆರಬೇಕಾಯಿತು.

ಮರುವರ್ಷದ ಇನ್ನೊಂದು ಒಪ್ಪಂದದಿಂದ, ಚೀನಾದ ನೆಲದಲ್ಲಿ ಅಪರಾಧ ಮಾಡಿದ ಇಂಗ್ಲಿಷನನ್ನು ಚೀನೀ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ. ಬೇರೆ ಯಾವ ದೇಶಕ್ಕೆ ಚೀನಾ ಏನೇ ರಿಯಾಯಿತಿ ಕೊಟ್ಟರೂ ಅದು ತಾನಾಗಿ ಬ್ರಿಟನ್ನಿಗೂ ಸಿಗಬೇಕು ಎಂಬ ಷರತ್ತೂ ಸೇರಿತು. 1844ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಇಂತಹವೇ ಹಕ್ಕುಗಳನ್ನು ಪಡೆದವು. ಒಬ್ಬ ಗಿರಾಕಿಗೆ ಬೆಲೆ ಇಳಿಸಿದರೆ ಅಂಗಡಿಯ ಮುಂದೆ ನಿಂತವರಿಗೆಲ್ಲ ಇಳಿಸಲೇಬೇಕು ಎಂಬ ಕಟ್ಟಳೆಯಂತಾಯಿತು ಚೀನಾದ ಪಾಡು.

ಯುದ್ಧದಲ್ಲಿ ಸೋತವನ ಒಪ್ಪಂದ ಯಾವಾಗಲೂ ಅಸಮಾನವೇ ಅಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಆದ್ದರಿಂದ ಅಳೆಯಲು ನಮಗೆ ಮೂರು ಅಳತೆಗೋಲುಗಳು ಬೇಕು. ಒಂದು, ಕೊಟ್ಟದ್ದಕ್ಕೆ ತಕ್ಕುದಾದದ್ದು ಮರಳಿ ಬಂದಿತೇ? ಎರಡು, ಬೇಡವೆನ್ನುವ ಸ್ವಾತಂತ್ರ್ಯ ಇತ್ತೇ? ಮೂರು, ಸಹಿಯಾದ ಮೇಲೆ ತನ್ನ ಮನೆಯ ವ್ಯವಹಾರವನ್ನು ತಾನೇ ನಡೆಸುವ ಹಕ್ಕು ಉಳಿಯಿತೇ? ನಾನ್‌ಜಿಂಗ್ ಮತ್ತು ಅದರ ಹಿಂದೆ ಬಂದ ಒಪ್ಪಂದಗಳು ಈ ಮೂರರಲ್ಲೂ ಸೋಲುತ್ತವೆ.

ಹಡಗಿನ ಹೆಸರು

ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಒಂದು ಬ್ರಿಟಿಷ್ ಯುದ್ಧನೌಕೆಯ ಮೇಲೆ. ಅದರ ಹೆಸರು 'ಕಾರ್ನ್‌ವಾಲಿಸ್'. ಅದನ್ನು ಕಟ್ಟಿದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಿಂದ. 1813ರಲ್ಲಿ ಅದು ನೀರಿಗಿಳಿಯಿತು. ಆ ಯುದ್ಧದಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳೂ ದುಡಿದರು. ಇನ್ನು ಕಾರ್ನ್‌ವಾಲಿಸ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪು ಸುಲ್ತಾನನಿಂದ ಒಪ್ಪಂದ ಬರೆಸಿಕೊಂಡ ಗವರ್ನರ್ ಜನರಲ್ ಆತನೇ. ಚೀನಾ ಕಂಡದ್ದನ್ನು ನಮ್ಮ ನಾಡು ಐವತ್ತು ವರ್ಷ ಮೊದಲೇ ಕಂಡಿತ್ತು.

ಆ ಒಪ್ಪಂದದ ಪ್ರಕಾರ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟನು. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿದನು. ಷರತ್ತುಗಳು ಪೂರೈಸುವವರೆಗೆ ಅವನ ಇಬ್ಬರು ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಇಂಗ್ಲಿಷರ ಬಳಿ ಒತ್ತೆಯಾಳುಗಳಾದರು. ಅವರು ತಂದೆಯನ್ನು ಮರಳಿ ಸೇರಿದ್ದು 1794ರಲ್ಲಿ. ಬಿಟ್ಟುಕೊಟ್ಟ ನೆಲವನ್ನು ಕಂಪನಿ, ಮರಾಠರ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮ ಹಂಚಿಕೊಂಡರು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಟಿಪ್ಪುವೂ ಮುಸ್ಲಿಮನೇ, ನಿಜಾಮನೂ ಮುಸ್ಲಿಮನೇ. ಪೇಶ್ವೆ ಹಿಂದೂ, ಕಂಪನಿಯವರು ಕ್ರೈಸ್ತರು. ಆ ಹಂಚಿಕೆಯಲ್ಲಿ ಯಾರೂ ಧರ್ಮ ನೋಡಲಿಲ್ಲ, ಕಂದಾಯ ನೋಡಿದರು.

ಗೆಳೆತನದ ಬೆಲೆ

1799ರ ಮೇ 4ರಂದು ಟಿಪ್ಪು ರಣರಂಗದಲ್ಲಿ ಮಡಿದ ಮೇಲೆ ನಿಜಾಮ ಅಲಿಖಾನನಿಗೆ ಮತ್ತೊಂದಿಷ್ಟು ನೆಲ ಸಿಕ್ಕಿತು. ಆದರೆ ಅದು ಅವನ ಕೈಯಲ್ಲಿ ಉಳಿದದ್ದು ಒಂದು ವರ್ಷವಷ್ಟೇ!

ಇದಕ್ಕೆ ಕಾರಣ ಸಹಾಯಕ ಸೈನ್ಯ ಪದ್ಧತಿ. 1798ರ ಸೆಪ್ಟೆಂಬರ್ 1ರ ಒಪ್ಪಂದದಿಂದ ನಿಜಾಮ ತನ್ನ ಬಳಿ ಇದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ಬಿಡಬೇಕಾಯಿತು. ಬದಲಿಗೆ ಕಂಪನಿಯ ಆರು ಸಿಪಾಯಿ ಪಲ್ಟನ್‌ಗಳನ್ನು ಇಟ್ಟುಕೊಂಡು ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚು ಕೊಡಬೇಕಾಯಿತು. 1800ರ ಅಕ್ಟೋಬರ್ 12ರಂದು ಹೊಸ ಒಪ್ಪಂದವಾಯಿತು. ಇದಕ್ಕೆ ಇಟ್ಟ ಹೆಸರು ಶಾಶ್ವತ ರಕ್ಷಣಾ ಮೈತ್ರಿ. ಪಲ್ಟನ್‌ಗಳು ಎಂಟಾದವು, ಎರಡು ಕುದುರೆ ದಳಗಳು ನಿಂತವು. ಪ್ರತಿವರ್ಷ ಹಣ ಕೊಡುವುದರ ಬದಲಿಗೆ ನಿಜಾಮನು 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ಪಡೆದ ನೆಲವನ್ನು ಕಂಪನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಹೀಗೆ ಕಂಪನಿಯ ಪಾಲಾದವು.

ಗಡಿ ಸ್ಪಷ್ಟವಾಗಿರಲೆಂದು ಒಂದು ಅದಲುಬದಲೂ ನಡೆಯಿತು. ತುಂಗಭದ್ರೆಯ ಉತ್ತರಕ್ಕಿದ್ದ ಕೊಪ್ಪಳ, ಗಜೇಂದ್ರಗಡ ಮೊದಲಾದವನ್ನು ನಿಜಾಮ ಉಳಿಸಿಕೊಂಡನು. ಅದಕ್ಕೆ ಪ್ರತಿಯಾಗಿ ಹೊಳೆಯ ದಕ್ಷಿಣದ ಆದೋನಿಯನ್ನು ಕೊಟ್ಟನು. ನಮ್ಮ ಹೊಳೆ ಗಡಿಯಾದದ್ದು ಆ ದಿನ. ಜೊತೆಗೆ, ಕಂಪನಿಗೆ ತಿಳಿಸದೆ ಬೇರೆ ಯಾವ ರಾಜ್ಯದೊಡನೆಯೂ ಮಾತುಕತೆ ನಡೆಸುವುದಿಲ್ಲವೆಂದು ನಿಜಾಮ ಒಪ್ಪಿದನು.

ಈಗ ನಮ್ಮ ಮೂರು ಅಳತೆಗೋಲುಗಳನ್ನು ತೆಗೆಯಿರಿ. ಟಿಪ್ಪು ಸೋತು ಸಹಿ ಹಾಕಿದನು. ನಿಜಾಮನಾದರೋ ಗೆದ್ದವರ ಪಕ್ಷದಲ್ಲಿದ್ದು, ಗೆಳೆಯನೆನಿಸಿಕೊಂಡು ಸಹಿ ಹಾಕಿದನು. ಇಬ್ಬರ ನೆಲವೂ ಹೋಯಿತು. ಅವನಿಗೆ ಸಿಕ್ಕದ್ದು ರಕ್ಷಣೆ, ಆದರೆ ರಕ್ಷಿಸುವ ಸೈನ್ಯ ಅವನ ಮಾತು ಕೇಳುವುದಕ್ಕಿಂತ ಕಂಪನಿಯ ಮಾತು ಕೇಳುತ್ತಿತ್ತು. ಅಂತಹ ಸೈನ್ಯವನ್ನು ಮನೆಯೊಳಗೆ ಇಟ್ಟುಕೊಂಡವನು ಬೇಡವೆನ್ನುವುದು ಹೇಗೆ? 1853ರಲ್ಲಿ ಸೈನ್ಯದ ಬಾಕಿಯ ಹೆಸರಿನಲ್ಲಿ ಬೀರಾರ್ ಹಾಗೂ ರಾಯಚೂರು ದೋಆಬನ್ನೂ ಕಂಪನಿ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ರಾಯಚೂರು ಮರಳಿದ್ದು 1860ರಲ್ಲಿ. ಅಸಮಾನ ಒಪ್ಪಂದ ತೋಪಿನ ಸದ್ದಿನೊಡನೆಯೇ ಬರಬೇಕೆಂದಿಲ್ಲ, ಸ್ನೇಹದ ಹಸ್ತ ಚಾಚಿಕೊಂಡೂ ಬರುತ್ತದೆ ಎಂಬುದೇ ಇದರ ಪಾಠ.

ಬೆಲೆ ತೆತ್ತವರು ಯಾರು?

ಸಹಿ ಹಾಕಿದವರು ದರ್ಬಾರಿನಲ್ಲಿದ್ದರು, ಕಂದಾಯ ಕಟ್ಟಿದವರು ಹೊಲದಲ್ಲಿದ್ದರು. ಬಿಟ್ಟುಕೊಟ್ಟ ಸೀಮೆಗೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದನು. ಪಾಳೆಯಗಾರರನ್ನು ಅಡಗಿಸಿದನು, ಹೊಲ ಅಳೆಯಿಸಿದನು, ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೆಳೆಸಿದನು. ಕಂದಾಯ ಹೆಚ್ಚಾಗಿದೆ, ನೂರಕ್ಕೆ 25ರಷ್ಟು ಇಳಿಸಬೇಕು ಎಂದು 1807ರಲ್ಲಿ ಆತನೇ ಶಿಫಾರಸು ಮಾಡಿದನು. ಮೇಲಿನವರು ಒಪ್ಪಲಿಲ್ಲ. ಆತ ಮದ್ರಾಸಿನ ಗವರ್ನರನಾಗಿ ಬಂದ ಮೇಲೆಯೇ, 1820ರಲ್ಲಿ, ಈ ರಿಯಾಯಿತಿ ದೊರೆಯಿತು. ನಡುವಿನ ಹದಿಮೂರು ವರ್ಷ ಆ ಹೊರೆ ಹೊತ್ತವರ ಹೆಸರು ಯಾವ ಒಪ್ಪಂದದಲ್ಲೂ ಇಲ್ಲ. ನಮ್ಮ ತಾತ ಮುತ್ತಾತಂದಿರು ಅವರಲ್ಲಿ ಇದ್ದಾರು.

ಗಡಿ ಅಳಿಸಿದ ಬಗೆ

ಚೀನಾದಲ್ಲಿ ವಿದೇಶಿಯರ ಪ್ರತ್ಯೇಕ ನ್ಯಾಯದ ಹಕ್ಕನ್ನು ಬ್ರಿಟನ್ ಮತ್ತು ಅಮೆರಿಕ 1943ರಲ್ಲಿ ಬಿಟ್ಟವು. ಹಾಂಗ್‌ಕಾಂಗ್ ಮರಳಿದ್ದು 1997ರ ಜುಲೈ 1ರಂದು. ಅಲ್ಲಿನ ಮಕ್ಕಳು ಈ ಒಪ್ಪಂದಗಳನ್ನು ಶಾಲೆಯಲ್ಲಿ ಓದುತ್ತಾರೆ. ನಮ್ಮಲ್ಲಿ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾದಾಗಲೂ ಒಂದು ದಂಡೆ ಮದ್ರಾಸಿನದು, ಇನ್ನೊಂದು ಹೈದರಾಬಾದಿನದು. ಎರಡು ಸರ್ಕಾರಗಳು ಕೂಡಿ ಕಟ್ಟಬೇಕಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಕೊಪ್ಪಳ, ರಾಯಚೂರು ಸೀಮೆಯೂ ಸೇರಿದಾಗ ಹೊಳೆ ಮತ್ತೆ ಬರೀ ಹೊಳೆಯಾಯಿತು.

ವಿದ್ಯಾರ್ಥಿಗಳೇ, ಕರಾರು, ಸಹಿ, ದಸ್ತಾವೇಜು, ಜಿಲ್ಲೆ ಎಂಬ ಮಾತುಗಳು ಅರಬಿ, ಪಾರಸಿಗಳಿಂದ ಬಂದು ಕನ್ನಡದ್ದೇ ಆಗಿವೆ, ಉರ್ದುವಿನಲ್ಲೂ ಇವೆ. ಮಾತು ನಮ್ಮದಾದರೆ ಸಾಲದು, ಅದರ ಹಿಂದಿನ ಷರತ್ತನ್ನು ಓದುವ ಶಕ್ತಿಯೂ ನಮ್ಮದಾಗಬೇಕು. ನಾಳೆ ನೀವು ಸಾಲದ ಪತ್ರಕ್ಕೋ, ನೌಕರಿಯ ಕರಾರಿಗೋ, ಹೊಲಮನೆಯ ಕ್ರಯಪತ್ರಕ್ಕೋ ಸಹಿ ಹಾಕುವಿರಿ. ಆಗ ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ತಕ್ಕ ಪ್ರತಿಫಲ ಇದೆಯೇ? ಬೇಡವೆನ್ನಬಹುದೇ? ನಾಳೆಯೂ ನನ್ನ ಮನೆಗೆ ನಾನೇ ಯಜಮಾನನೇ? ಅರ್ಥವಾಗದಿದ್ದರೆ ಅರ್ಥವಾಗುವ ತನಕ ಕೇಳಿರಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಒಂದು ಪತ್ರ ಒಂದು ಹೊಳೆಯನ್ನು ಒಂದೂವರೆ ಶತಮಾನ ಗಡಿಯಾಗಿ ನಿಲ್ಲಿಸಬಲ್ಲದು ಎಂಬುದಕ್ಕೆ ನಮ್ಮ ಊರೇ ಸಾಕ್ಷಿ.